ಚಿಕ್ಕಪ್ಪನ ಕಿವಿ, ಬರಿತಲೆ ಕಾರು

ಆಲೆಮನೆಯಲ್ಲಿ ಪಾಕ ನೋಡುವವರು ಕೊಪ್ಪರಿಗೆಯ ಕಡೆ ಮುಖ ಮಾಡಿ ನಿಲ್ಲುವುದು ಲೋಕರೂಢಿ. ನಮ್ಮ ಚಿಕ್ಕಪ್ಪ ನಿಂಗೇಗೌಡರು ಬೆನ್ನು ಮಾಡಿ ಕೂರುತ್ತಿದ್ದರು.

ಅರಕೆರೆಯ ಹೊರಗೆ, ನಾಲೆಯ ಏರಿ ಬಂದು ರಸ್ತೆಗೆ ಕೂಡುವಲ್ಲಿ ಅವರ ಆಲೆಮನೆ. ಹಿಂದೆ ಗಾಡಿಚಕ್ರಕ್ಕಿಂತ ಅಗಲವಾದ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿದ್ದರೆ, ಇವರು ಒಂದು ಗಿಡ್ಡ ಮಣೆಯ ಮೇಲೆ ರಸ್ತೆ ನೋಡುತ್ತಾ ಕೂತು, ಹಚ್ಚದ ಬೀಡಿಯೊಂದನ್ನು ತುಟಿಯಲ್ಲಿಟ್ಟುಕೊಂಡು, ಹೋಗಿಬರುವವರನ್ನೆಲ್ಲ ತಡೆದು ಮಾತಾಡಿಸುತ್ತಿದ್ದರು. ಹೊಸದಾಗಿ ಕಬ್ಬು ತಂದ ರೈತರಿಗೆ ಎದೆ ಡವಗುಟ್ಟುತ್ತಿತ್ತು. ಈ ಮನುಷ್ಯನಿಗೆ ಬೆಲ್ಲದ ಮೇಲೆ ನಿಗಾ ಇಲ್ಲವಲ್ಲ, ನಮ್ಮ ವರ್ಷದ ಬೆಳೆ ಸೀದು ಹೋಗುತ್ತದಲ್ಲ ಎಂದು. ಅಷ್ಟರಲ್ಲಿ ಮಾತಿನ ನಡುವೆ ಚಿಕ್ಕಪ್ಪನ ಎಡಗಿವಿ ಅಲುಗುತ್ತಿತ್ತು. ಉತ್ಪ್ರೇಕ್ಷೆಯಲ್ಲ, ಹಸುವಿನ ಕಿವಿಯ ಹಾಗೆ ನಿಜವಾಗಿಯೂ ಅಲುಗುತ್ತಿತ್ತು. ಹಿಂದೆಯೇ ಒಂದು ಕೂಗು: “ಎತ್ರುಲಾ!”

ಆ ಕೂಗಿಗೇ ಕಾದು ನಿಂತಿರುತ್ತಿದ್ದ ನಾಲ್ವರು ಆಳುಗಳು ಕೊಪ್ಪರಿಗೆಯ ಬಳೆಗಳಿಗೆ ಬಿದಿರ ಗಳು ತೂರಿಸಿ, ಒಂದೇ ಉಸಿರಿಗೆ ಒಲೆಯಿಂದ ಎತ್ತಿಬಿಡುತ್ತಿದ್ದರು. ಅವರಲ್ಲಿ ಹಿರಿಯ ಸಣ್ಣಪ್ಪ. ಅವನಂತೂ ಚಿಕ್ಕಪ್ಪ ಕೂಗದ ಹೊರತು ಗಳು ಮುಟ್ಟಿದವನಲ್ಲ. ಅಚ್ಚಿಗೆ ಸುರಿದ ಬೆಲ್ಲ ಹೊನ್ನಿನ ಬಣ್ಣಕ್ಕೆ ಕೂರುತ್ತಿತ್ತು. ನಾನು ಕಂಡಂತೆ ಚಿಕ್ಕಪ್ಪನ ಪಾಕ ಒಮ್ಮೆಯೂ ಎಳಸಾಗಲಿಲ್ಲ, ಒಮ್ಮೆಯೂ ಸೀಯಲಿಲ್ಲ.

“ಕಣ್ಗೆ ಒಗೆ ಒಡೀತದೆ ಮಗ, ಕಿವಿಗೆ ಒಡೆಯಕ್ಕಿಲ್ಲ,” ಎನ್ನುತ್ತಿದ್ದರು ನನಗೆ. “ಆಲು ಎಳೇದಾಗಿದ್ದಾಗ ಬಳಬಳ ಅಂತದೆ. ಆಮೇಕೆ ಗುಳುಗುಳು. ಪಾಕ ಬಂದಾಗ ಪಟ್... ಪಟ್... ಅಂತ ಬಾಯ್ಬುಟ್ಟು ಉಸ್ರಾಡ್ತದೆ ನೋಡು, ಆಗ ಎತ್ಬುಡ್ಬೇಕು. ಎಳ್ಡು ಉಸ್ರು ತಡ ಆಯ್ತು ಅನ್ನು, ಕೆಟ್ಟೋಯ್ತದೆ.”

ಕಿವಿಯ ಮೇಲಿನ ಈ ನಂಬಿಕೆ ಆಲೆಮನೆಗೆ ಮುಗಿಯುತ್ತಿರಲಿಲ್ಲ. ತೆಂಗಿನಕಾಯಿ ತಟ್ಟಿ ಕೇಳುತ್ತಿದ್ದರು, ಹೊಸ ಗಡಿಗೆ ತಟ್ಟಿ ಕೇಳುತ್ತಿದ್ದರು, ಗಬ್ಬದ ಎಮ್ಮೆಯ ಹೊಟ್ಟೆಗೆ ಕಿವಿಯಿಟ್ಟು ಕೇಳುತ್ತಿದ್ದರು. ಕೊನೆಗೆ ನನ್ನನ್ನು ನೋಡಲು ಬಂದ ಗಂಡು ಉಪ್ಪಿಟ್ಟು ತಿನ್ನುವುದನ್ನೂ ಪಡಸಾಲೆಯ ಕಂಬದ ಹಿಂದೆ ಕೂತು ಕೇಳಿ, “ಸಬ್ದ ಮಾಡ್ದೆ ತಿಂತಾನೆ, ಕೊಡ್ಬೋದು,” ಎಂದು ತೀರ್ಪು ಕೊಟ್ಟರು. ಆ ತೀರ್ಪಿನ ಫಲ ಇವತ್ತಿಗೂ ನನ್ನ ಮನೆಯಲ್ಲಿ ಸದ್ದಿಲ್ಲದೆ ಊಟ ಮಾಡುತ್ತಿದೆ.

ಇಂಥ ಮನುಷ್ಯ ತೊಂಬತ್ತರ ದಶಕದ ಶುರುವಿನಲ್ಲಿ ಟ್ರ್ಯಾಕ್ಟರ್ ತರುತ್ತೇನೆಂದು ಹೊರಟರು. ಕಬ್ಬು ಸಾಗಿಸುವುದಕ್ಕೆ ಟ್ರ್ಯಾಕ್ಟರ್ ಬೇಕೇಬೇಕು ಎಂದು ನಮ್ಮ ಅಪ್ಪ, ಅಂದರೆ ಅವರ ಅಣ್ಣ, ಎರಡು ವರ್ಷದಿಂದ ಹೇಳುತ್ತಿದ್ದರು. ಶ್ರೀರಂಗಪಟ್ಟಣದ ಗಂಜಾಂ ರಸ್ತೆಯಲ್ಲಿ ಗಫೂರ್ ಸಾಬರ ಶೆಡ್ಡು. ಆಲೆಮನೆಯ ಇಂಜಿನ್ನು ಕೆಟ್ಟಾಗ ಬಿಚ್ಚಿ ಕಟ್ಟುತ್ತಿದ್ದವರು ಅವರೇ. ಅಲ್ಲೊಂದು ಹಳೆಯ ಟ್ರ್ಯಾಕ್ಟರ್ ಮಾರಾಟಕ್ಕಿದೆ ಎಂದು ಕೇಳಿ ಚಿಕ್ಕಪ್ಪ ಹೋದರು. ಸಂಜೆ ಬಂದು, “ಗಾಡಿ ನೋಡ್ದೆ. ಗಫೂರು ರಿಪೇರಿ ಮಾಡಿ ಕೊಡ್ತಾನಂತೆ. ಸುಗ್ಗಿ ಮುಗಿಯೋ ಒತ್ಗೆ ಬತ್ತದೆ,” ಎಂದಷ್ಟೇ ಹೇಳಿದರು. ಗಾಡಿ ಎಂದರೆ ಟ್ರ್ಯಾಕ್ಟರ್ ಎಂದು ಎಲ್ಲರೂ ತಿಳಿದೆವು. ತಪ್ಪು ನಮ್ಮದೇ.

ಗಾಡಿ ಬರುವ ದಿನ ಮನೆಯ ಮುಂದೆ ಸಾರಿಸಿ ರಂಗೋಲಿ ಹಾಕಿದ್ದಾಯಿತು. ಚಿಕ್ಕಮ್ಮ ಜಯಮ್ಮ ಆರತಿ ತಟ್ಟೆ, ಕುಂಬಳಕಾಯಿ, ನಾಲ್ಕು ನಿಂಬೆಹಣ್ಣು ಹಿಡಿದು ನಿಂತಿದ್ದರು. ಟ್ರ್ಯಾಕ್ಟರಿನ ದೊಡ್ಡ ಗಾಲಿಗೆಂದು ಕಟ್ಟಿಸಿದ್ದ ಹೂವಿನ ಹಾರ ಬೇರೆ. ಏರಿಯ ತಿರುವಿನಲ್ಲಿ ಸದ್ದು ಕೇಳಿತು. ಟ್ರ್ಯಾಕ್ಟರಿನ ಸದ್ದಲ್ಲ. ಮೆತ್ತಗೆ, ಗಂಟಲೊಳಗೇ ಹಾಡಿಕೊಳ್ಳುವ ಸದ್ದು. ತಿರುವು ದಾಟಿ ಬಂದದ್ದು ಬೆಲ್ಲದ ಬಣ್ಣದ ಒಂದು ಹಳೇ ಕಾರು. ಅದಕ್ಕೆ ಚಾವಣಿಯೇ ಇರಲಿಲ್ಲ. ಚಿಕ್ಕಪ್ಪ ಸ್ಟೇರಿಂಗ್ ಹಿಡಿದು ನೆಟ್ಟಗೆ ಕೂತಿದ್ದರು. ತಲೆಯ ಮೇಲಿನ ಟವಲು ಗಾಳಿಗೆ ಹಾರದಿರಲೆಂದು ಗದ್ದಕ್ಕೆ ಬಿಗಿದು ಕಟ್ಟಿದ್ದರು. ಹಲ್ಲುನೋವು ಬಂದವರ ಹಾಗೆ ಕಂಡರು. ಆದರೆ ಅಷ್ಟು ಅಗಲ ನಕ್ಕಿದ್ದನ್ನು ನಾನು ಅದುವರೆಗೂ ನೋಡಿರಲಿಲ್ಲ.

ಎಲ್ಲರೂ ಕಾರಿನ ಸುತ್ತ ಒಂದು ಬಾರಿ ಬಂದು ನೋಡಿದರು. ಆಮೇಲೆ ಅಪ್ಪ, “ಟಾಪ್ ಎಲ್ಲೋ?” ಎಂದರು.

“ಮಡ್ಸಿ ಇಂದ್ಗಡೆ ಇಟ್ಟೀವ್ನಿ ಕಣಣ್ಣ.”

“ಇದುಕ್ಕೆ ನೇಗ್ಲು ಎಲ್ಲಿ ಕಟ್ತೀರಿ?” ಎಂದು ಚಿಕ್ಕಮ್ಮ ಕೇಳಿದರು. ಆರತಿ ತಟ್ಟೆ ಇನ್ನೂ ಕೈಯಲ್ಲೇ ಇತ್ತು.

“ಇದುಕ್ಕೆ ಏನ್ನೂ ಕಟ್ಟಕ್ಕಿಲ್ಲ ಕಣಮ್ಮಿ. ಕಟ್ಟಾಕಿದ್ದುನ್ನ ನಾನೇ ಬಿಚ್ಕೊಂಡು ಬಂದೀವ್ನಿ.”

“ಟ್ರಾಕ್ಟ್ರು ಅಂದ್ಯಲ್ಲೋ!” ಎಂದು ಅಪ್ಪ ಸಿಡಿದರು.

“ಗಾಡಿ ಅಂದೆ. ಟ್ರಾಕ್ಟ್ರು ಅಂದೋನು ನೀನು.”

ಆ ಕಾರಿನ ಹಿಂದಿನ ಜನ್ಮದ ಕಥೆ ಆಮೇಲೆ ತಿಳಿಯಿತು. ಮೈಸೂರಿನಲ್ಲಿ ಯಾರೋ ಅದನ್ನು ಮದುವೆ ಮೆರವಣಿಗೆಗೆ ಬಾಡಿಗೆಗೆ ಬಿಡುತ್ತಿದ್ದರಂತೆ. ಮುಂದಿನ ಕಂಪನಿಯ ಬಿಲ್ಲೆ ಎಂದೋ ಉದುರಿ ಎರಡು ತೂತು ಮಾತ್ರ ಉಳಿದಿದ್ದವು. ಹಾಗಾಗಿ ಅದು ಯಾವ ಕಾರೆಂದು ನಮ್ಮಲ್ಲಿ ಯಾರಿಗೂ ಕೊನೆಯವರೆಗೆ ಗೊತ್ತಾಗಲಿಲ್ಲ. ಬಿಚ್ಚಿ ಸಾಮಾನು ಮಾರೋಣವೆಂದು ಗಫೂರ್ ಸಾಬರು ತಂದು ಶೆಡ್ಡಿನ ಮೂಲೆಯಲ್ಲಿ ಹಾಕಿದ್ದರು. “ನಾನು ಹೇಳ್ದೆ ಅಮ್ಮಾ,” ಎಂದು ಸಾಬರು ಒಮ್ಮೆ ನನಗೆ ವಿವರಿಸಿದರು. “ಗೌಡ್ರೇ, ಇದು ಗಾಡಿ ಅಲ್ಲ, ಮುಸೀಬತ್ತು. ಹದಿನೈದು ವರ್ಸ ಬರಾತ್ ಮುಂದೆ ಒಂದೇ ಗೇರ್‌ನಾಗೆ ತೆವಳಿದೆ. ಕ್ಲಚ್ಚು ಪೂರಾ ಖಲಾಸ್ ಅಂತ. ಕೇಳ್ಬೇಕಲ್ಲ? ಒಂದ್ಸಲ ಸ್ಟಾರ್ಟ್ ಮಾಡು ಅಂದ್ರು. ಮಾಡ್ದೆ. ಬೆನ್ನು ತಿರುಗ್ಸಿ ನಿಂತ್ಬುಟ್ರು.”

ಚಿಕ್ಕಪ್ಪ ಬಹಳ ಹೊತ್ತು ಕೇಳಿದರಂತೆ. ಆಮೇಲೆ ಒಳಗೆ ಕೂತು ಗೇರಿನ ಕೋಲು ಆಡಿಸಿ ನೋಡಿದರಂತೆ. ಒಂದು, ಎರಡನೇ ಗೇರಿನ ದಾರಿ ಸವೆದು ಸಡಿಲವಾಗಿತ್ತು. ಮೂರು, ನಾಲ್ಕು ಹೊಸ ಬೀಗದ ಹಾಗೆ ಬಿಗಿಯಾಗಿದ್ದವು. ಹದಿನೈದು ವರ್ಷದಲ್ಲಿ ಯಾರ ಕೈಯೂ ಅಲ್ಲಿಗೆ ಹೋಗಿರಲಿಲ್ಲ. ಚಿಕ್ಕಪ್ಪನ ಕಣ್ಣಲ್ಲಿ ನೀರಿತ್ತು ಎಂದು ಸಾಬರು ಆಣೆ ಮಾಡಿ ಹೇಳಿದರು. “ಇದು ಸತ್ತಿಲ್ಲ ಕಣಯ್ಯ ಗಫೂರು. ಮೆರ್ದು ಮೆರ್ದು ಓಡೋದ್ನೇ ಮರ್ತದೆ. ಒಂದ್ಸಲೂ ಇದುನ್ನ ಪಾಕಕ್ಕೆ ಬರಾಕೇ ಬುಟ್ಟಿಲ್ವಲ್ಲಯ್ಯ!” ಎಂದರಂತೆ.

ಟ್ರ್ಯಾಕ್ಟರ್ ಪಕ್ಕದಲ್ಲೇ ನಿಂತಿತ್ತು. ಅದರ ಕಡೆ ತಿರುಗಿಯೂ ನೋಡಲಿಲ್ಲವಂತೆ.

ನಮ್ಮ ಕಡೆ ಗಂಡಸು ಟವಲಿಲ್ಲದೆ ಹೊರಗೆ ಹೋದರೇ ಒಂದು ಮಾತು ಬರುತ್ತದೆ. ತಲೆಯ ಮೇಲೆ ಬಟ್ಟೆಯಿಲ್ಲದ ಕಾರನ್ನು ಬಿಟ್ಟಾರೆಯೇ? ‘ಬರ್ತಲೆ ಕಾರು’ ಎಂದು ಊರ ಹೆಂಗಸರು ಹೆಸರಿಟ್ಟರು. ಗಂಡಸರಿಗೆ ಹೆಸರಿಗಿಂತ ಉಪಯೋಗ ಮುಖ್ಯ. ಚಾವಣಿ ಇಲ್ಲದ ಕಾರು ಊರಿಗೆ ಬಂದದ್ದು ಮೆರವಣಿಗೆಗಲ್ಲದೆ ಇನ್ನೇತಕ್ಕೆ? ಒಂದೇ ತಿಂಗಳಲ್ಲಿ ಅರಕೆರೆಯಿಂದ, ಪಾಲಹಳ್ಳಿಯಿಂದ, ಪಾಂಡವಪುರದಿಂದ ಜನ ತಾಂಬೂಲ ಹಿಡಿದು ಬರತೊಡಗಿದರು. ಮಗನ ಮದುವೆ, ಮಗಳ ಮದುವೆ, ಹಾಲಿನ ಸೊಸೈಟಿಯಲ್ಲಿ ಗೆದ್ದ ಅಧ್ಯಕ್ಷರ ಮೆರವಣಿಗೆ. ಎಲ್ಲರಿಗೂ ಚಿಕ್ಕಪ್ಪ ಮಜ್ಜಿಗೆ ಕೊಟ್ಟು, ಬೆಲ್ಲ ಕೊಟ್ಟು, ಒಂದೇ ಉತ್ತರ ಕೊಟ್ಟರು: “ಇದು ಮೆರಿಯಕ್ಕಲ್ಲ ಕಣ್ರಪ್ಪಾ, ಓಡ್ಸಕ್ಕೆ. ನಿಮ್ ಐದ್ನ ಎತ್ತಿನ್ ಗಾಡೀಲಿ ಮೆರಸ್ರಿ, ಎತ್ತಾದ್ರೂ ಕುಸಿ ಪಡ್ತವೆ.”

ಜನ ಮುಖ ಊದಿಸಿಕೊಂಡು ಹೋದರು. ಅಪ್ಪನಿಗಂತೂ ಇದು ಮರ್ಯಾದೆಯ ಪ್ರಶ್ನೆ. ಊರಿಗೆ ಉಪಕಾರವಾಗದ ಕಾರು, ಕಬ್ಬು ಹೊರದ ಕಾರು, ಬೆಳಿಗ್ಗೆ ಎದ್ದು ಏರಿಯ ಮೇಲೆ ಸುಮ್ಮನೆ ಹೋಗಿ ಸುಮ್ಮನೆ ಬರುವ ಕಾರು. “ಅಲ್ಲ ಕಣೋ, ಅದ್ರಲ್ಲಿ ಎಲ್ಗೋಯ್ತೀಯ ನೀನು?” ಎಂದು ಕೇಳಿದರೆ ಚಿಕ್ಕಪ್ಪ, “ಎಲ್ಗೂ ಇಲ್ಲ ಕಣಣ್ಣ, ಸುಮ್ನೆ,” ಎನ್ನುತ್ತಿದ್ದರು. ಈ ‘ಸುಮ್ನೆ’ ಎಂಬ ಎರಡಕ್ಷರವನ್ನು ಅಪ್ಪನಿಂದ ಸಹಿಸಲಾಗಲಿಲ್ಲ. ನಮ್ಮಂಥ ಒಕ್ಕಲು ಮನೆಗಳಲ್ಲಿ ಸುಮ್ಮನೆ ಮಾಡುವ ಕೆಲಸ ಎಂಬುದೇ ಇರಲಿಲ್ಲ. ನಿದ್ದೆ ಮಾಡುವುದೂ ನಾಳೆಯ ಗೇಯ್ಮೆಗೆಂದೇ.

ಹಾಗೆ ಸುಮ್ಮನೆ ಹೋದ ಒಂದು ಸುತ್ತು ನನ್ನ ಬಾಳಿನ ದೊಡ್ಡ ದಿನಗಳಲ್ಲೊಂದು. ನಾನಾಗ ಪಾಂಡವಪುರದ ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷ. ಒಂದು ಭಾನುವಾರ ಬೆಳಿಗ್ಗೆ ಚಿಕ್ಕಪ್ಪ, “ನಾಕು ತಾಲ್ಲೂಕು ಸುತ್ತಾಕ್ಕೊಂಡು ಬರವಾ ಬಾ ಮಗ,” ಎಂದರು. ಮಕ್ಕಳಿಲ್ಲದ ಆ ದಂಪತಿಗೆ ನಾನೇ ಮಗಳು. ಚಿಕ್ಕಮ್ಮ ಬರುವುದಿಲ್ಲ ಎಂದು ಹಟ ಹಿಡಿದು, ಕೊನೆಗೆ ನಮ್ಮಿಬ್ಬರಿಗೆ ಬುತ್ತಿ ಬಡಿಸುವವರು ಯಾರು ಎಂಬ ನೆಪ ಸಿಕ್ಕಿ, ಸೆರಗನ್ನು ತಲೆತುಂಬ ಹೊದ್ದು ಹಿಂದಿನ ಸೀಟಿನಲ್ಲಿ ಕೂತರು.

ಶ್ರೀರಂಗಪಟ್ಟಣದಲ್ಲಿ ಒಬ್ಬರು ಕೈಮುಗಿದರು. ಪಾಂಡವಪುರದಲ್ಲಿ ಒಬ್ಬರು ಹತ್ತಿರ ಬಂದು, “ಯಾವ್ ಪಕ್ಸ ಗೌಡ್ರೇ?” ಎಂದು ಕೇಳಿದರು. ಚಿನಕುರಳಿ ದಾಟಿ ಕೆ.ಆರ್. ಪೇಟೆಯ ಸಂತೆ ಬೀದಿಗೆ ಬಂದರೆ ಒಬ್ಬ ಹೂವಿನವಳು ಓಡಿ ಬಂದು, “ಎಣ್ಣು ಇಲ್ಲೇ ಕೂತದೆ, ಗಂಡೆಲ್ಲಿ?” ಎಂದಳು. “ಗಂಡಿಲ್ಲ ಕಣವ್ವ, ಸುಮ್ನೆ ಬಂದೋ,” ಎಂದರು ಚಿಕ್ಕಪ್ಪ. ಅವಳು ಬಿಟ್ಟ ಕಣ್ಣು ಬಿಟ್ಟ ಹಾಗೇ ನಿಂತಳು. ಮುಂದೆ ಅದೇ ಕೆ.ಆರ್. ಪೇಟೆಗೆ ನಾನು ಸೊಸೆಯಾಗುತ್ತೇನೆಂದು ಆಗ ಯಾರಿಗೆ ಗೊತ್ತಿತ್ತು!

ನಾಗಮಂಗಲದಲ್ಲಿ ಬುತ್ತಿ ಬಿಚ್ಚಿ ತಿಂದು ಹೊರಟಾಗ ಮೂರು ಗಂಟೆ. ಅಲ್ಲಿಂದ ಈಚೆಗೆ ಒಂದು ಉದ್ದನೆಯ ದಿಣ್ಣೆ. ನಮ್ಮ ಮುಂದೆ ಒಂದು ಬಸ್ಸು ಏದುಸಿರು ಬಿಡುತ್ತಾ ಏರುತ್ತಿತ್ತು. ಚಿಕ್ಕಪ್ಪ ಅದರ ಹಿಂದೆ ಮೂರನೇ ಗೇರಿನಲ್ಲಿ ಹೋಗುತ್ತಾ ತಲೆಯನ್ನು ಸ್ವಲ್ಪ ಎಡಕ್ಕೆ ವಾಲಿಸಿದರು. “ಕೇಳ್ಸ್ಕೊ ಮಗ. ಇವಾಗ ಬಳಬಳ ಅಂತಾ ಅದೆ. ಇನ್ನೂ ಎಳೇದು. ತಡಿ... ತಡಿ...” ರಸ್ತೆ ಬಲಕ್ಕೆ ತೆರೆದುಕೊಂಡಿತು. ಎದುರಿಗೆ ಯಾವ ಗಾಡಿಯೂ ಇಲ್ಲ. ಇಂಜಿನ್ನಿನ ದನಿ ತುಂಬಿ ಬಂದು ಒಂದು ಕಡೆ ನಿಂತಿತು. ಅದನ್ನು ನಾನು ಆ ದಿನ ಮೊದಲ ಸಲ ನನ್ನ ಕಿವಿಯಲ್ಲಿ ಕೇಳಿದೆ. ಅವರ ಕಿವಿ ಅಲುಗಿತು. “ಎತ್ರುಲಾ!” ಎಂದು ಕೂಗಿ ನಾಲ್ಕಕ್ಕೆ ಹಾಕಿದರು.

ಹದಿನೈದು ವರ್ಷ ತೆವಳಿದ್ದ ಕಾರು ಆ ದಿಣ್ಣೆಯನ್ನು ಹಾಡುತ್ತಾ ಹತ್ತಿತು. ಬಸ್ಸಿನ ಕಿಟಕಿಗಳಿಂದ ತಲೆಗಳು ಹೊರಬಂದವು, ಕಂಡಕ್ಟರು ಬಾಗಿಲಲ್ಲಿ ನಿಂತು ಸೀಟಿ ಊದಿದ. ದಿಣ್ಣೆಯ ನೆತ್ತಿಗೆ ಬಂದಾಗ ಬಲಗಡೆ ದೂರದಲ್ಲಿ ಮೇಲುಕೋಟೆಯ ಬೆಟ್ಟ, ಮೇಲೆ ಅಷ್ಟಗಲ ಆಕಾಶ. ಹಿಂತಿರುಗಿ ನೋಡಿದರೆ ಚಿಕ್ಕಮ್ಮನ ಸೆರಗು ತಲೆಯಿಂದ ಜಾರಿ ಬಾವುಟದ ಹಾಗೆ ಹಿಂದೆ ಹಾರುತ್ತಿದೆ, ಅವರು ಅದನ್ನು ಹಿಡಿಯುವ ಗೋಜಿಗೇ ಹೋಗಿಲ್ಲ. ಮನೆ ಹತ್ತಿರ ಬಂದಾಗ ಅವರು ಹೇಳಿದ್ದು ಒಂದೇ ಮಾತು: “ಇಷ್ಟ್ ಬೇಗ ಯಾಕ್ ಬಂದ್ಬುಟ್ರಿ? ಇನ್ನೊಂದ್ ಸುತ್ತು ಒಡೀಬೋದಿತ್ತು.” ಚಿಕ್ಕಪ್ಪ ಗೆದ್ದಿದ್ದರು.

ಆ ವರ್ಷವೇ ಅವರು ನನಗೆ ಕಾರು ಕಲಿಸಿದರು. ಗೇರು ಹಾಕುವಾಗ ಕೆಳಗೆ ನೋಡಿದರೆ ತಲೆಗೆ ಮೊಟಕುತ್ತಿದ್ದರು. ಸ್ಪೀಡಿನ ಮುಳ್ಳು ನೋಡಿದರೂ ಮೊಟಕುತ್ತಿದ್ದರು. “ಕಣ್ಣು ದಾರಿಗೆ. ಗೇರ್ಗೆ ಕಿವಿ,” ಎಂಬುದಷ್ಟೇ ಪಾಠ.

ನನ್ನ ಮದುವೆ ಕೆ.ಆರ್. ಪೇಟೆಯ ಗಂಡಿನೊಂದಿಗೆ ಗೊತ್ತಾಯಿತು. ಹೆಸರು ಮಹೇಶ, ಜೂನಿಯರ್ ಕಾಲೇಜಿನಲ್ಲಿ ಲೆಕ್ಕದ ಮೇಷ್ಟ್ರು, ಉಪ್ಪಿಟ್ಟಿನ ಪರೀಕ್ಷೆಯಲ್ಲಿ ಪಾಸಾದವರು. ಮದುವೆ ಅಲ್ಲಿಯ ಛತ್ರದಲ್ಲಿ. ಮಾತುಕತೆಯ ದಿನ ಗಂಡಿನ ಕಡೆಯವರು ಬೇರೇನನ್ನೂ ಕೇಳಲಿಲ್ಲ. “ಧಾರೆ ಆದ್ಮೇಲೆ ಗಂಡು ಎಣ್ಣುನ್ನ ನಿಮ್ ತಮ್ಮನೋರ ಆ ಕಾರಲ್ಲಿ ಮೆರವಣಿಗೆ ಮೇಲೆ ಮನೆಗೆ ಕರ್ಕೊಂಡು ಬರವಾ,” ಎಂದರು. ಅಪ್ಪ ಹಿಂದೆ ಮುಂದೆ ನೋಡದೆ ಆಗಲಿ ಎಂದುಬಿಟ್ಟರು. ಮಾತು ಕೊಟ್ಟ ಮೇಲೆ ತಮ್ಮನಿಗೆ ತಿಳಿಸಿದರು.

ಮೂರು ದಿನ ಏರಿಯ ಮೇಲೆ ಕಾರಿನ ಸದ್ದು ಕೇಳಲಿಲ್ಲ. ನಾನು ಆಲೆಮನೆಗೆ ಹೋಗಿ, “ಬ್ಯಾಡ ಬುಡು ಚಿಕ್ಕಪ್ಪ, ನಾನೇ ಯೋಳ್ತೀನಿ ಅವ್ರಿಗೆ,” ಎಂದೆ. ಅವರು ಬೆನ್ನು ತಿರುಗಿಸಿಯೇ, “ಅಣ್ಣ ಮಾತು ಕೊಟ್ಬುಟ್ಟವ್ನೆ. ನಿಂಗೋಸ್ಕರ ಒಂದ್ಸಲ ಮಗ. ಒಂದೇ ಒಂದ್ಸಲ,” ಎಂದರು. ನನಗೆ ಅಳು ಬಂತು. ನನ್ನ ಮದುವೆಗಾಗಿ ಅವರು ತಮ್ಮ ಮಾತು ಮುರಿಯುತ್ತಿದ್ದರು. ನಾನು ಬೇಡವೆಂದು ಗಟ್ಟಿಯಾಗಿ ಹೇಳಬೇಕಿತ್ತು, ಹೇಳಲಿಲ್ಲ. ಮದುವೆಯ ಹೆಣ್ಣಿಗೆ ತೆರೆದ ಕಾರಿನ ಆಸೆ ಸ್ವಲ್ಪವಾದರೂ ಇರುತ್ತದೆ. ಸುಳ್ಳು ಯಾಕೆ ಹೇಳಲಿ?

ಮದುವೆಯ ದಿನ ಮಧ್ಯಾಹ್ನ ಊಟವಾಗಿ ಮೆರವಣಿಗೆ ಹೊರಟಾಗ ಬಿಸಿಲು ಸುಡುತ್ತಿತ್ತು. ಕಾರಿಗೆ ಸೇವಂತಿಗೆ ಹೂವಿನ ಜಾಲರಿ. ಹಿಂದಿನ ಸೀಟಿನ ಮೇಲ್ಗಡೆ, ಮಡಿಸಿದ ಚಾವಣಿಯ ಮೇಲೆ ದಿಂಬು ಹಾಕಿ ನಮ್ಮಿಬ್ಬರನ್ನು ಕೂರಿಸಿದ್ದರು. ಮುಂದೆ ಬ್ಯಾಂಡಿನವರು, ಅವರ ಮುಂದೆ ಕುಣಿಯುವ ಹುಡುಗರು. ಮೂರು ಹೆಜ್ಜೆಗೆ ಒಂದು ನಿಲುಗಡೆ, ಮನೆಮನೆಗೆ ಒಂದು ಆರತಿ. ಚಿಕ್ಕಪ್ಪನ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. ಆ ಬೆನ್ನು ನನಗೆ ಗೊತ್ತು. ಕೊಪ್ಪರಿಗೆಯ ಮುಂದೆ ಅದು ನಿರಾಳವಾಗಿರುತ್ತಿತ್ತು. ಈಗ ಹಲಗೆಯ ಹಾಗೆ ಬಿಗಿದಿತ್ತು.

ಅರ್ಧ ಗಂಟೆ ಕಳೆಯುವಷ್ಟರಲ್ಲಿ ಇಂಜಿನ್ನಿನ ಬಾನೆಟ್ಟಿನಿಂದ ಸಣ್ಣಗೆ ಹಬೆ ಏಳತೊಡಗಿತು. ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆಯ ಅಂಚಿಗೆ ಬಂದಿತ್ತು. ಜನ ಅದನ್ನೂ ಧೂಪದ ಹೊಗೆಯೆಂದು ತಿಳಿದರೋ ಏನೋ, ಇನ್ನಷ್ಟು ಹೂ ಎರಚಿದರು. ಬ್ಯಾಂಡಿನ ಗದ್ದಲದ ಅಡಿಯಲ್ಲಿ ನನಗೊಂದು ಸದ್ದು ಕೇಳಿತು. ಪಟ್... ಪಟ್... ಪಟ್... ಬಾಯಿ ಬಿಟ್ಟು ಉಸಿರಾಡುವ ಸದ್ದು. ಅದು ಚಿಕ್ಕಪ್ಪನಿಗೆ ನನಗಿಂತ ಮೊದಲೇ ಕೇಳಿಸಿರಬೇಕು. ಆದರೆ ಆ ಮನುಷ್ಯ ಕೂಗಲಿಲ್ಲ. ಅಣ್ಣನ ಮಾತಿಗೆ, ನನ್ನ ಮರ್ಯಾದೆಗೆ, ಬಾಯಿ ಕಚ್ಚಿಕೊಂಡು ಕೂತಿದ್ದರು. ತಮ್ಮ ಕಣ್ಣೆದುರೇ ಪಾಕ ಸೀಯಲು ಬಿಟ್ಟು ಕೂತಿದ್ದರು.

ಆಗ ಮೆರವಣಿಗೆ ನಾಗಮಂಗಲ ರಸ್ತೆಯ ಕೂಡುದಾರಿಗೆ ಬಂತು. ಬ್ಯಾಂಡಿನವರು ಕುಣಿಯುತ್ತಾ ಬಲಕ್ಕೆ, ಮನೆಯ ಬೀದಿಗೆ ತಿರುಗಿದರು. ಹುಡುಗರೂ ತಿರುಗಿದರು. ಎಡಗಡೆ ರಸ್ತೆ ಖಾಲಿ ಬಿದ್ದಿತ್ತು. ನಾನು ಬಾಸಿಂಗ ಕಟ್ಟಿದ ತಲೆಯನ್ನು ಮುಂದೆ ಬಗ್ಗಿಸಿ ಅವರ ಕಿವಿಯಲ್ಲಿ ಹೇಳಿದೆ: “ಚಿಕ್ಕಪ್ಪ, ಪಾಕ ಮೀರ್ತಾ ಅದೆ. ಎಡಕ್ಕೆ ಒಡ್ಕೊ.”

“ಮಗ, ನಿಮ್ಮತ್ತೆ ಮನೆಯೋರು...”

“ಎತ್ರುಲಾ!” ಎಂದೆ. ಮೆಲ್ಲಗಲ್ಲ, ಆಲೆಮನೆಯಲ್ಲಿ ಕೂಗುವ ಹಾಗೇ.

ಅವರ ಎಡಗಿವಿ ಅಲುಗಿತು. ಕಾರು ಎಡಕ್ಕೆ ತಿರುಗಿತು. ಒಂದು, ಎರಡು, ಮೂರು. ನಾವಿಬ್ಬರೂ ದಿಂಬಿನ ಮೇಲಿಂದ ಸೀಟಿನೊಳಕ್ಕೆ ದೊಪ್ಪನೆ ಬಿದ್ದೆವು. ಹೂವಿನ ಜಾಲರಿ ಕಿತ್ತುಕೊಂಡು ಹಿಂದಕ್ಕೆ ಹಾರಿತು. ಅದರ ಹಿಂದೆ ಮದುಮಗನ ಜರಿಪೇಟವೂ ಹಾರಿತು. ಕೃಷ್ಣರಾಜಪೇಟೆಯಲ್ಲಿ ಪೇಟ ಕಳೆದುಕೊಂಡ ಅಳಿಯ ಎಂದು ಅವರನ್ನು ನಮ್ಮ ಕಡೆಯವರು ಇವತ್ತಿಗೂ ಆಡಿಕೊಳ್ಳುತ್ತಾರೆ. ಗಾಳಿ ನುಗ್ಗಿತು, ಹಬೆ ಹರಿಯಿತು, ಮುಳ್ಳು ಇಂಚಿಂಚೇ ಕೆಳಗೆ ಬಂತು. ನಾಲ್ಕನೇ ಗೇರಿನಲ್ಲಿ ಕಾರು ತನ್ನ ಹಾಡು ಹಿಡಿಯಿತು. ಲೆಕ್ಕದ ಮೇಷ್ಟ್ರು ಮೊದಲು ಗಾಬರಿಯಿಂದ ಸೀಟು ಹಿಡಿದುಕೊಂಡಿದ್ದರು. ಆಮೇಲೆ ಕಣ್ಣು ಮುಚ್ಚಿ ನಗತೊಡಗಿದರು. ಅವರು ಜೋರಾಗಿ ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು. ನಮ್ಮ ಮದುವೆ ನಿಜವಾಗಿ ಆದದ್ದು ಆ ರಸ್ತೆಯಲ್ಲೇ ಎಂದು ನಾನು ತಿಳಿದಿದ್ದೇನೆ.

ಐದಾರು ಮೈಲಿ ಹೋಗಿ, ತಿರುಗಿಸಿ, ಊರ ಹಿಂದಿನ ದಾರಿಯಿಂದ ಗಂಡಿನ ಮನೆಯ ಮುಂದೆ ಬಂದು ನಿಂತಾಗ ಬ್ಯಾಂಡು ಇನ್ನೂ ಬೀದಿಯ ಆ ತುದಿಯಲ್ಲಿತ್ತು. ಮುಂದೆ ಕುಣಿಯುತ್ತಿದ್ದವರಿಗೆ ಹಿಂದೆ ಮದುಮಕ್ಕಳಿಲ್ಲ ಎಂಬುದು ಬಹಳ ಹೊತ್ತು ಗೊತ್ತೇ ಆಗಿರಲಿಲ್ಲ. ಅಪ್ಪ ಬೆವರು ಸುರಿಸುತ್ತಾ ಓಡಿ ಬರುತ್ತಿದ್ದರು. ನನ್ನ ಅತ್ತೆ ಹೊಸ್ತಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಮುಗಿಯಿತು ನನ್ನ ಕಥೆ ಎಂದುಕೊಂಡೆ. ಅವರು ಪೇಟವಿಲ್ಲದ ಮಗನನ್ನು, ಕೆದರಿದ ಸೊಸೆಯನ್ನು, ಟವಲು ಬಿಗಿದ ಚಿಕ್ಕಪ್ಪನನ್ನು ಒಂದು ಸುತ್ತು ನೋಡಿ ಹೇಳಿದರು: “ಎಣ್ಣು ಓಡೋಯ್ತು ಅಂತ ಬಂದು ಯೋಳುದ್ರು. ನನ್ ಮಗುನ್ನೂ ಓಡಿಸ್ಕೊಂಡೋಯ್ತು ಅಂತ ಒಬ್ರೂ ಯೋಳ್ನಿಲ್ವಲ್ಲ! ಬನ್ನಿ, ಆರ್ತಿ ತಕ್ಕೊಳ್ಳಿ.”

ಅಪ್ಪ ಬೈಯಲು ಬಾಯಿ ತೆರೆದವರು, ಬೀಗಿತ್ತಿ ನಗುವುದನ್ನು ನೋಡಿ ಬಾಯಿ ಮುಚ್ಚಿದರು. ಚಿಕ್ಕಪ್ಪ ನನ್ನ ತಲೆಗೆ ಒಂದು ಮೊಟಕಿದರು. “ನೀನು ಎಳ್ಡು ಉಸ್ರು ತಡ ಮಾಡ್ಬುಟ್ಟೆ ಕಣ್ ಮಗ,” ಎಂದರು. ಆಮೇಲೆ ನಾಲ್ಕು ತಾಲ್ಲೂಕಿನಲ್ಲಿ ಯಾರೂ ಆ ಕಾರನ್ನು ಮೆರವಣಿಗೆಗೆ ಕೇಳಲಿಲ್ಲ.

ಕೆಲವು ವರ್ಷ ಕಳೆದು ನಾನು ಕೆ.ಆರ್. ಪೇಟೆಯಲ್ಲಿ ಸ್ಕೂಲು ಟೀಚರಾಗಿದ್ದಾಗ, ದಶಕ ಮುಗಿಯುವ ಹೊತ್ತಿಗೆ, ಚಿಕ್ಕಪ್ಪನ ಕಿವಿ ಮಂದವಾಯಿತು. ಮೊದಲು ಬಲಗಿವಿ, ಆಮೇಲೆ ಆ ಎಡಗಿವಿ. ಮೈಸೂರಿನ ಡಾಕ್ಟರು ಕೊಟ್ಟ ಯಂತ್ರವನ್ನು, “ಇದು ಎಲ್ಲಾನೂ ಒಂದೇ ಸಮ್ಕೆ ಕೂಗ್ತದೆ,” ಎಂದು ಡಬ್ಬಿಯಲ್ಲಿಟ್ಟರು. ಒಂದು ದಿನ ನಾನು ಆಲೆಮನೆಗೆ ಹೋದಾಗ ಅವರು ಕೊಪ್ಪರಿಗೆಯ ಕಡೆ ಮುಖ ಮಾಡಿ ಕೂತಿದ್ದರು. ಹೊಗೆಯಲ್ಲಿ ಕಣ್ಣು ಕಿರಿದು ಮಾಡಿ, ಎಲ್ಲರ ಹಾಗೆ, ನೋಡುತ್ತಾ. ಪಾಕ ಆಗಲೂ ತಪ್ಪುತ್ತಿರಲಿಲ್ಲ, ಸಣ್ಣಪ್ಪ ಆಗಲೂ ಅವರ ಕೂಗಿಗೇ ಕಾಯುತ್ತಿದ್ದ. ಆದರೆ ಕಾರಿನ ಕೀಲಿಯನ್ನು ಮಾತ್ರ ಅವರು ನನಗೆ ಕೊಟ್ಟುಬಿಟ್ಟರು. “ಕೇಳ್ದೆ ಇರೋನು ಓಡಿಸ್ಬಾರ್ದು. ನೀ ಓಡ್ಸು, ನಾ ಕೂತ್ಕೊತೀನಿ.”

ನಾಲೆಯ ಏರಿಯ ಮೇಲೆ ನಾನು ಓಡಿಸಿದೆ. ಅವರು ಎಡಗಡೆ ಕೂತು ಅಂಗೈಯನ್ನು ಮುಂದಿನ ಹಲಗೆಯ ಮೇಲೆ ಒತ್ತಿ ಇಟ್ಟುಕೊಂಡಿದ್ದರು. “ಪಾಕ ಬಂತಾ ಮಗ?” ಎಂದು ಕೇಳಿದರು. “ಇನ್ನೂ ಇಲ್ಲ ಚಿಕ್ಕಪ್ಪ!” ಎಂದು ಕೂಗಿದೆ. ಸ್ವಲ್ಪ ಮುಂದೆ ಹೋಗಿ ಅವರ ಮಂಡಿ ತಟ್ಟಿ, “ಬಂತು!” ಎಂದೆ. ಅವರು ಇಡೀ ಗದ್ದೆ ಬಯಲಿಗೆ ಕೇಳುವಂತೆ, “ಎತ್ರುಲಾ!” ಎಂದರು. ಬೆಳ್ಳಕ್ಕಿಗಳು ಭತ್ತದ ಗದ್ದೆಯಿಂದ ಒಟ್ಟಿಗೆ ಎದ್ದವು. ನಾನು ಅವರ ದನಿ ಕೇಳಿದ್ದು ಅದೇ ಕೊನೆ. ಹದಿನೈದು ದಿನಕ್ಕೆ, ಬೆಳಗಿನ ಕಾಫಿ ಕುಡಿದು ಮಣೆಯ ಮೇಲೆ ಕೂತವರು ಕೂತಲ್ಲೇ ಹೋದರು.

ಊರೆಲ್ಲ ಸೇರಿತು. ಗಫೂರ್ ಸಾಬರು ಬಂದು ಮೂಲೆಯಲ್ಲಿ ನಿಂತು ಅತ್ತರು. ಆಗ ಯಾರೋ, ಅವರನ್ನು ಅವರ ಕಾರಿನಲ್ಲೇ ಕಳಿಸೋಣ, ಹೂವಿನಿಂದ ಸಿಂಗಾರ ಮಾಡೋಣ ಎಂದರು. ಎಲ್ಲರಿಗೂ ಅದು ಒಪ್ಪಿಗೆಯಾಯಿತು. ಅಪ್ಪ ನನ್ನ ಹತ್ತಿರ ಬಂದು, “ಕೀಲಿ ಕೊಡವ್ವ. ನನ್ ತಮ್ಮ ರಾಜನಂಗೆ ಓಗ್ಲಿ,” ಎಂದರು. ಹತ್ತು ವರ್ಷ ಆ ಕಾರನ್ನು ಬೈದ ಮನುಷ್ಯ ಪ್ರೀತಿಯಿಂದಲೇ ಕೇಳುತ್ತಿದ್ದರು. ನನ್ನ ಕೈ ಸೆರಗಿನ ಗಂಟಿಗೆ ಹೋಯಿತು. ಅಲ್ಲೇ ನಿಂತಿತು. ಮುಂದೆ ತಮಟೆ, ಹಿಂದೆ ಜನ, ಒಂದೇ ಗೇರು, ಹೆಜ್ಜೆಹೆಜ್ಜೆಗೆ ನಿಲ್ಲುವುದು.

“ಬ್ಯಾಡ ಅಪ್ಪ,” ಎಂದೆ. “ಇದು ಮೆರಿಯಕ್ಕಲ್ಲ.”

ಅಪ್ಪ ಚಿಕ್ಕಮ್ಮನ ಮುಖ ನೋಡಿದರು. ಚಿಕ್ಕಮ್ಮ ಅಳು ನಿಲ್ಲಿಸಿ, “ಅವ್ಳು ಯೋಳೋದೇ ಸರಿ ಭಾವ. ಒಂದ್ಸಲ ಮೆರೆಸಾಕೆ ಒಪ್ಕೊಂಡಿದ್ದುಕ್ಕೇ ಅವ್ರು ಮೂರ್ ದಿನ ಅನ್ನ ಬುಟ್ಟಿದ್ರು,” ಎಂದರು. ಅದು ನನಗೂ ಗೊತ್ತಿರಲಿಲ್ಲ.

ಚಟ್ಟ ಕಟ್ಟಿದರು. ಹೆಗಲು ಕೊಡಲು ಬಂದವರು ಆಲೆಮನೆಯ ಅದೇ ನಾಲ್ವರು. ಬಗ್ಗಿ ಗಳುಗಳಿಗೆ ಕೈ ಹಾಕಿದರು. ಹಾಗೇ ನಿಂತರು. ಎತ್ತಲಿಲ್ಲ. ಅಪ್ಪ, “ಯಾಕ್ಲಾ ಸಣ್ಣಪ್ಪ?” ಎಂದರು. ಸಣ್ಣಪ್ಪ ತಲೆ ಎತ್ತಿ ಅಪ್ಪನನ್ನಲ್ಲ, ನನ್ನನ್ನು ನೋಡಿದ. ಕಣ್ಣಿಂದ ಧಾರೆಯಾಗಿ ಇಳಿಯುತ್ತಿತ್ತು.

“ಕೂಗು ಬರ್ನಿಲ್ಲ ಕಣವ್ವ,” ಎಂದ.

ಅಂಗಳದಲ್ಲಿ ಅಷ್ಟೊಂದು ಜನ ಗಂಡಸರು. ನಾನು ಒಂದು ಹೆಜ್ಜೆ ಮುಂದೆ ಬಂದೆ, ಅವರಿಗೆ ಬೆನ್ನು ಮಾಡಿ ರಸ್ತೆಯ ಕಡೆ ತಿರುಗಿ ನಿಂತೆ. ಉಸಿರು ಎಳೆದುಕೊಂಡು, ಇದ್ದ ಶಕ್ತಿಯನ್ನೆಲ್ಲ ಹಾಕಿ ಕೂಗಿದೆ: “ಎತ್ರುಲಾ!”

ಒಂದೇ ಉಸಿರಿಗೆ ಎತ್ತಿದರು.

ಹನ್ನೊಂದನೆಯ ದಿನದ ಕಾರ್ಯ ಮುಗಿಸಿ ಸಂಜೆಗೆ ಕಾರು ತೆಗೆದೆ. ಚಿಕ್ಕಮ್ಮ ತಾವಾಗಿಯೇ ಬಂದು ಎಡಗಡೆ ಕೂತರು. ಅಪ್ಪ ಜಗಲಿಯಿಂದ, “ಎಲ್ಗೋಯ್ತಿದ್ದೀರವ್ವಾ?” ಎಂದು ಕೇಳಿದರು. “ಸುಮ್ನೆ,” ಎಂದೆ. ಅವರು ತಲೆ ಆಡಿಸಿ, ಸ್ವಲ್ಪ ಹೊತ್ತು ನಿಂತು, ಚಪ್ಪಲಿ ಮೆಟ್ಟಿಕೊಂಡು ಬಂದು ಹಿಂದಿನ ಬಾಗಿಲು ಹುಡುಕಿದರು. ಆ ಕಾರಿಗೆ ಹಿಂದೆ ಬಾಗಿಲಿಲ್ಲ. ಪಂಚೆ ಎತ್ತಿಕಟ್ಟಿ ದಾಟಿಕೊಂಡು ಹತ್ತಿದರು. ಆಲೆಮನೆಯ ಮುಂದೆ ಹಾದು ಏರಿಗೆ ಬಂದ ಮೇಲೆ ಮೂರನೇ ಗೇರಿನಲ್ಲಿ ಕಿವಿಗೊಟ್ಟೆ. ಬಳಬಳ ಎಂದಿತು. ಗುಳುಗುಳು ಎಂದಿತು. ದನಿ ತುಂಬಿ ಬಂದು ಒಂದು ಕಡೆ ನಿಂತಿತು. ನಾಲ್ಕಕ್ಕೆ ಎತ್ತಿದೆ.